ಹಳೇ ಲ್ಯಾಪ್‌ಟಾಪಿನಲ್ಲಿ ಸತ್ಯವೇದ ಪಾಠ: ಜೂನ್‌ನಿಂದ ಆಗಸ್ಟ್‌ವರೆಗೆ

ಜೂನ್

ಮಕ್ಕಳಿಗೆ ಸಂಡೇ ಸ್ಕೂಲ್ ಇದೆ, ಆದರೆ ಅದು ಭಾನುವಾರಕ್ಕೇ ಮುಗಿಯಿತು. ಮಿಕ್ಕ ದಿನ ಸಂಜೆ ಪ್ರಾರ್ಥನೆ ಆದ ಮೇಲೆ ಮನೆಯಲ್ಲೇ ಒಂದಿಷ್ಟು ಕಲಿಸೋಣ ಅಂತ ಈ ಕೆಲಸ ಹಿಡಿದಿದ್ದೇನೆ. ಮಗ ಆರನೇ ಕ್ಲಾಸು, ಮಗಳು ಎರಡನೇ ಕ್ಲಾಸು. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಅದರಲ್ಲಿ ಕ್ಸಿಫೋಸ್ ಅನ್ನುವ ಸತ್ಯವೇದ (ಬೈಬಲ್) ಓದುವ ತಂತ್ರಾಂಶ ಹಾಕಿಕೊಂಡೆ. ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ ಇದ್ದವರಿಗೆ ಇಂಥದ್ದೇ ಇ-ಸ್ವೋರ್ಡ್ ಇದೆ, ಆಂಡ್ರಾಯ್ಡ್ ಫೋನಿಗೆ ಆಂಡ್‌ಬೈಬಲ್. ಫೋನ್ ಮಾತ್ರ ನಾನು ಬೇಡ ಅಂದೆ. ಅದು ಕೈಗೆ ಬಂದರೆ ಪಾಠ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತೇ ಇದೆಯಲ್ವಾ.

ಕನ್ನಡದ ಪಕ್ಕದ ಅಂಕಣದಲ್ಲಿ ವರ್ಲ್ಡ್ ಇಂಗ್ಲಿಷ್ ಬೈಬಲ್ ಇಟ್ಟಿದ್ದೇನೆ. ಕಿಂಗ್ ಜೇಮ್ಸಿನ ಹಳೇ ಇಂಗ್ಲಿಷ್ ಮಕ್ಕಳ ಬಾಯಿಗೆ ಹೊಂದುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಉಳ್ಳಾಲದ ಮಳೆಗಾಲದಲ್ಲಿ ಅದೇ ದೊಡ್ಡ ಉಪಕಾರ.

ಆಮೇಲೆ ಒಂದೊಂದಾಗಿ ಎಲ್ಲ ಮುಚ್ಚುತ್ತಾ ಬಂದೆ. ಅಡಿಟಿಪ್ಪಣಿ, ಸ್ಟ್ರಾಂಗ್ಸ್ ಸಂಖ್ಯೆ (ಮೂಲದ ಹೀಬ್ರೂ, ಗ್ರೀಕ್ ಪದಗಳಿಗೆ ಕೊಟ್ಟ ಅಂಕೆ), ವ್ಯಾಖ್ಯಾನ, ಯಾವುದೂ ಕಾಣಬಾರದು. ಇದು ಬೋಧಕರಿಗೆ, ದೇವಶಾಸ್ತ್ರ ಓದುವವರಿಗೆ ಅಂತ ಮಾಡಿದ ಸಾಮಾನು. ಮಕ್ಕಳ ಮುಂದೆ ಇಡಬೇಕಾದರೆ ಅರ್ಧಕ್ಕರ್ಧ ಮುಚ್ಚಿಡಬೇಕು. ಅಕ್ಷರ ದೊಡ್ಡದು ಮಾಡಿದೆ, ಅಷ್ಟೇ.

ಜುಲೈ

ಓದುವುದಕ್ಕೆ ಪರದೆ ಬೇಡ ಅಂತ ತೀರ್ಮಾನ ಆಯಿತು. ಓದುವುದು ಅಜ್ಜಿಯ ದಪ್ಪ ಸತ್ಯವೇದದಲ್ಲೇ, ಪಾಳಿ ಮೇಲೆ. ಏನಾದರೂ ಪ್ರಶ್ನೆ ಎದ್ದರೆ ಮಾತ್ರ ಲ್ಯಾಪ್‌ಟಾಪ್ ತೆರೆಯುವುದು.

ಕಳೆದುಹೋದ ಕುರಿಯ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಓದಿದ ದಿನ, ಕುರಿ ಇನ್ನೂ ಎಲ್ಲೆಲ್ಲಿ ಬರುತ್ತೆ ಅಂತ ಮಗ ಕೇಳಿದ. ನೀನೇ ಹುಡುಕು ಅಂದೆ. 'ಕುರಿ' ಅಂತ ಹೊಡೆದ. ರಾಶಿ ರಾಶಿ ವಚನ ಬಂದು ಬಿತ್ತು. ಸ್ವಲ್ಪ ಹೊತ್ತು ಕೆಳಗೆ ಎಳೆದು ನೋಡಿ, "ಅಪ್ಪಾ, ಇದ್ರಲ್ಲಿ ಜಾಸ್ತಿ ಕುರಿನೇ ಇಲ್ಲ" ಅಂದ. ನಿಜ, ಮುಕ್ಕಾಲುಪಾಲು 'ಕುರಿತು'. ಇಡೀ ಪದ ಮಾತ್ರ ಹುಡುಕು ಅಂದರೆ ಅದು ಇನ್ನೊಂದು ತುದಿಗೆ ಹೋಗುತ್ತದೆ: ಕುರಿಗಳು, ಕುರಿಯನ್ನು, ಕುರಿಮರಿ ಎಲ್ಲ ಮಾಯ. ಕನ್ನಡದಲ್ಲಿ ಹುಡುಕುವವರ ಪಾಡೇ ಇದು. ಕೊನೆಗೆ ಅವನು ಶಾಲೆಯ ವಿಭಕ್ತಿ ಪಟ್ಟಿ ತಂದು, ಒಂದೊಂದು ರೂಪ ಬರೆದುಕೊಂಡು, ಒಂದೊಂದಾಗಿ ಹುಡುಕಿದ. 23ನೇ ಕೀರ್ತನೆ, ಯೋಹಾನ 10, ಲೂಕ 15 ಒಂದೇ ಹಾಳೆಗೆ ಬಂದವು. ವಿಭಕ್ತಿ ಪಟ್ಟಿಗೆ ಅವನು ಇಷ್ಟು ಮರ್ಯಾದೆ ಕೊಟ್ಟಿದ್ದು ನಾನು ನೋಡಿರಲಿಲ್ಲ.

ಆಗಸ್ಟ್

ಈ ತಿಂಗಳ ಪಾಠ ಮಕ್ಕಳಿಗೆ ಚೆನ್ನಾಗಿ ಹಿಡಿಸಿತು. ಅಪೊಸ್ತಲರ ಕೃತ್ಯಗಳು 27, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನನ್ನು ಕೈದಿಯಾಗಿ ರೋಮಿಗೆ ಒಯ್ಯುವ ಹಡಗು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಮೆಡಿಟರೇನಿಯನ್ ಬರೆದೆವು. ಪ್ರಯಾಣದ ಕಥೆಯಲ್ಲಿ ಊರಿನ ಹೆಸರು ಬಂದಂತೆ ತಂತ್ರಾಂಶದ ಶಬ್ದಕೋಶ ತೆರೆದು ಅದು ಎಲ್ಲಿದೆ ಅಂತ ನೋಡುವುದು, ಚುಕ್ಕೆ ಇಡುವುದು. ಕೈಸರೈಯ, ಸೀದೋನ್, ಮುರ, ಕ್ರೇತ, ಕೊನೆಗೆ ಮಾಲ್ಟಾ.

ಈ ಕಾಲದಲ್ಲಿ ಪ್ರಯಾಣ ಅಪಾಯ ಅಂತ ಪೌಲ ಹೇಳುವ ಮಾತನ್ನು ವಿವರಿಸಬೇಕಾಗಲೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಬೋಟೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿರುವುದನ್ನು ಮಕ್ಕಳು ಮೊನ್ನೆಯಷ್ಟೇ ನೋಡಿದ್ದರು. "ನಾಯಕ ಕೇಳಬೇಕಿತ್ತು" ಅಂತ ಮಗಳೇ ತೀರ್ಪು ಕೊಟ್ಟಳು.

ನಾವಿಕರು ಹಗ್ಗಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಆಳ ನೋಡುತ್ತಾರೆ: ಮೊದಲು 20 ಮಾರು, ಸ್ವಲ್ಪ ಮುಂದೆ ಹೋದರೆ 15. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ ಅಂದೆ. ಮಗಳು ಜಗಲಿಯಿಂದ ಶುರು ಮಾಡಿ ಗೋಡೆಗುಂಟ ಕೈ ಚಾಚಿಕೊಂಡು ಅಳೆದಳು, ಗೇಟು ದಾಟಿ ರಸ್ತೆಗೆ ಬಂದರೂ 20 ಆಗಲಿಲ್ಲ. ದೊಡ್ಡವರ ಕೈಯಲ್ಲಿ ಅದು ಸುಮಾರು 36 ಮೀಟರ್. ನೆಲ ಹತ್ತಿರ ಬರುತ್ತಿದೆ ಅಂತ ಕತ್ತಲಲ್ಲಿ ಹೇಗೆ ಗೊತ್ತಾಯಿತು ಅನ್ನುವುದು ಆಗ ಇಬ್ಬರಿಗೂ ಹೊಳೆಯಿತು.

ಸೆಪ್ಟೆಂಬರಿಗೆ: ವಚನದ ಪಕ್ಕ ಟಿಪ್ಪಣಿ ಬರೆದಿಡುವ ಸೌಲಭ್ಯ ಮಗನಿಗೆ ತೋರಿಸಿದ್ದೇನೆ. ಕನ್ನಡ ಟೈಪಿಂಗ್ ಇನ್ನೂ ತಡವರಿಸುತ್ತಾನೆ, ಒತ್ತಕ್ಷರ ಕಷ್ಟ. ಆದರೂ ಹಡಗಿನಲ್ಲಿ 276 ಜನ ಇದ್ದರು ಅನ್ನುವ ವಚನದ ಪಕ್ಕ ಒಂದು ಸಾಲು ಕುಟ್ಟಿದ್ದಾನೆ: "ಇಷ್ಟು ಜನ ಎಲ್ಲಿ ಮಲಗಿದ್ರು?" ನನಗೂ ಈಗ ಅದೇ ಯೋಚನೆ.