ಕಣ್ಣಿಗೆ ಸರಿ ಕಂಡ ಪುಟ ಕಿವಿಗೆ ಸರಿ ಇರಬೇಕಲ್ವಾ?

ಕಣ್ಣು ಕಾಣದವರು ಓದಲು ಆಗುವಂತೆ ಕನ್ನಡ ಪುಸ್ತಕಗಳನ್ನು ಸಿದ್ಧ ಮಾಡುವುದು ನನ್ನ ಕೆಲಸ. ಕಚೇರಿ ಇರುವುದು ಚಾಮರಾಜಪೇಟೆಯಲ್ಲಿ. ಕೇಳಿದವರೆಲ್ಲ "ಓ, ಬ್ರೈಲ್ ಪ್ರಿಂಟಿಂಗಾ?" ಅನ್ನುತ್ತಾರೆ. ಬ್ರೈಲ್ ಕೂಡ ಮಾಡುತ್ತೇವೆ, ಆದರೆ ಈಗ ಜಾಸ್ತಿ ಓದು ನಡೆಯುವುದು ಮೊಬೈಲ್‌ನಲ್ಲಿ. ಕಾಲೇಜು ಹುಡುಗರು ಟಾಕ್‌ಬ್ಯಾಕ್ ಹಾಕಿಕೊಂಡು ಕೇಳುತ್ತಾರೆ, ಅದು ಆಂಡ್ರಾಯ್ಡ್ ಫೋನಿನ ತೆರೆ ಮೇಲಿರುವುದನ್ನು ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್. ಕಂಪ್ಯೂಟರ್ ಇದ್ದವರಿಗೆ ಅಂಥದ್ದೇ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು 2006ರಲ್ಲಿ ಶುರು ಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ಎರಡೂ ಪುಕ್ಕಟೆ, ಎರಡೂ ಕನ್ನಡ ಓದುತ್ತವೆ. ಮತ್ತೆ ಕಷ್ಟ ಎಲ್ಲಿ ಅಂತೀರಾ?

ಫೈಲ್‌ನಲ್ಲಿ. ನಮಗೆ ಬರುವ ಎಷ್ಟೋ ಫೈಲ್‌ಗಳು ಇನ್ನೂ ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫಾಂಟ್‌ನವು. ಅಲ್ಲಿ ತೆರೆ ಮೇಲೆ ಕಾಣುವುದಷ್ಟೇ ಕನ್ನಡ. ಸುಮ್ನೆ 'ಕನ್ನಡ' ಅಂತ ಟೈಪ್ ಮಾಡಿದರೂ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೀಟಿರುವ ಒಂದು ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಆಮೇಲೆ ಕ್ಯೂ, ಕೊನೆಗೆ ಇನ್ನೊಂದು ಎ. ಫಾಂಟ್ ಇದನ್ನೆಲ್ಲ ನಮ್ಮ ಕಣ್ಣಿಂದ ಮುಚ್ಚಿಡುತ್ತದೆ. ಸ್ಕ್ರೀನ್ ರೀಡರ್‌ಗೆ ಫಾಂಟ್ ಲೆಕ್ಕಕ್ಕಿಲ್ಲ, ಒಳಗಿದ್ದದ್ದನ್ನೇ ಓದುತ್ತದೆ. ಇಡೀ ಅಧ್ಯಾಯ ಹೀಗೆ ಕೇಳಿ, ನಾಳೆ ಪರೀಕ್ಷೆ ಬರೆಯಿರಿ ನೋಡೋಣ!

ಒಳಗೂ ಕನ್ನಡ ಅಕ್ಷರವೇ ಇರುವ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳಿವೆ, ಬಳಸುತ್ತೇವೆ ಕೂಡ. ಆದರೆ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ನುಡಿ ಫಾಂಟ್ ಅಂತಲೇ ತಿಳಿದು ಕಲಸುಮೇಲೋಗರ ಮಾಡಿಬಿಡುತ್ತವೆ. ಫೈಲೇ ಸಿಗದಿದ್ದರೆ ಪುಸ್ತಕ ಕೊಂಡು ಸ್ಕ್ಯಾನ್ ಮಾಡಬೇಕು. ಆಗ ಇನ್ನೊಂದು ಕಥೆ. 'ಮ' ಹೋಗಿ 'ವು' ಆಗುತ್ತದೆ, 'ಪ' ಹೋಗಿ 'ಷ' ಆಗುತ್ತದೆ, ಅರ್ಕಾವತ್ತು ಒಂಬತ್ತಾಗುತ್ತದೆ.

ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಕರಡು ತಿದ್ದುವ ಹೊತ್ತಿನದು. ನಮ್ಮಲ್ಲಿ ಕೊನೆಯ ಕರಡು ನೋಡುವ ಮೇಡಂಗೆ ಕಣ್ಣು ಕಾಣುವುದಿಲ್ಲ. ನಾವು ನಾಲ್ಕು ಕಣ್ಣು ಹಾಕಿ ಓದಿ ಕಳಿಸಿದ ಪುಟಕ್ಕೆ ಅವರು ಕಿವಿಗೊಟ್ಟು, "ಸರ್, ಬೆಂಗಳೂರಲ್ಲಿ ಸೊನ್ನೆ ಕೂತಿದೆ" ಅಂದರು. ಟೈಪ್ ಮಾಡಿದವರು ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿದ್ದಾರೆ. ನೋಡುವುದಕ್ಕೆ ಎರಡೂ ಒಂದೇ ಥರ. ಯಂತ್ರ ಮಾತ್ರ "ಬೆ, ಸೊನ್ನೆ, ಗಳೂರು" ಅನ್ನುತ್ತದೆ. ಇಂಥ ಕೆಲಸಕ್ಕೆ ಕಿವಿಯಲ್ಲಿ ಓದಿ ಪಳಗಿದವರೇ ಬೇಕು. ಅವರಿಗೆ ಸಂಬಳ ಕೊಟ್ಟು ಕೂರಿಸಬೇಕು, ಸಮಾಜಸೇವೆ ಅಂತ ಬಿಟ್ಟಿ ದುಡಿಸಿಕೊಳ್ಳುವುದಲ್ಲ.

ಕಾನೂನು ನಮ್ಮ ಕಡೆಗೇ ಇದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಆದಮೇಲೆ, ಲಾಭದ ಉದ್ದೇಶ ಇಲ್ಲದ ಸಂಸ್ಥೆ ಯಾರ ಅನುಮತಿಯನ್ನೂ ಕೇಳದೆ ಪುಸ್ತಕವನ್ನು ಈ ರೂಪಕ್ಕೆ ತರಬಹುದು. ಅದು ಅಗತ್ಯ ಇದ್ದವರಿಗೆ ಮಾತ್ರ ಹೋಗಬೇಕು, ಅಂಗಡಿಗೆ ಹೋಗಬಾರದು, ಅಷ್ಟೇ. ಕಣ್ಣು ಕಾಣದವರಿಗೆ ಪುಸ್ತಕ ಸಿಗಲೆಂದು ದೇಶಗಳು ಮಾಡಿಕೊಂಡ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಆದರೆ ಮಾಡಬಹುದು ಅನ್ನುವ ಕಾನೂನು, ಪ್ರಕಾಶಕರು ಫೈಲ್ ಕೊಡಲೇಬೇಕು ಅನ್ನುವುದಿಲ್ಲ. ಗಾಂಧಿನಗರದ ಪುಸ್ತಕದಂಗಡಿಗಳ ಸಾಲಿನಲ್ಲಿ ಫೈಲ್ ಕೇಳಿದರೆ "ವಾಟ್ಸಾಪ್‌ನಲ್ಲಿ ಹರಿದಾಡಿದರೆ ನಮ್ಮ ಗತಿ?" ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ವಾಟ್ಸಾಪ್‌ನಲ್ಲಿ ನನ್ನ ಕಣ್ಣಿಗೆ ಬೀಳುವ ಕಳ್ಳ ಪಿಡಿಎಫ್‌ಗಳೆಲ್ಲ ಅಚ್ಚಾದ ಪುಸ್ತಕದ ಫೋಟೋಗಳು, ಸ್ಕ್ರೀನ್ ರೀಡರ್‌ಗೆ ಖಾಲಿ ಹಾಳೆ ಇದ್ದಂತೆ.

ಇನ್ನೊಂದು ಮಾತು. ದಾನಿಗಳು ದುಡ್ಡು ಕೊಡುವುದು ಪಠ್ಯಪುಸ್ತಕಕ್ಕೆ, ಕೆಪಿಎಸ್‌ಸಿ ಗೈಡ್‌ಗೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ರಾಯಚೂರಿನಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿರುವ ಬಿಎ ಹುಡುಗ ನಮ್ಮ ಕಚೇರಿಗೆ ಬಂದು ಕೇಳಿದ್ದೇನು ಗೊತ್ತಾ? "ಸರ್, ನೋಟ್ಸ್ ಬೇಕಾದಷ್ಟು ಅದಾವ್ರೀ. ಪತ್ತೇದಾರಿ ಕಾದಂಬರಿ ಇದ್ರ ಕೊಡ್ರಿ." ಇರಲಿಲ್ಲ. ದೀಪಾವಳಿ ವಿಶೇಷಾಂಕದ ಕಥೆ ಬಗ್ಗೆ ಊರೆಲ್ಲ ಮಾತಾಡಿ ಮುಗಿಸಿದ ಮೇಲೆ, ಯುಗಾದಿ ಹೊತ್ತಿಗೆ ಇವರ ಕೈಗೆ ಸಿಕ್ಕರೆ ಅದೇ ಪುಣ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶಿಕ್ಷಣಕ್ಕೆ ಇರುವಂತೆ ಸಂಸ್ಕೃತಿ, ಮನರಂಜನೆಗೂ ಬೇರೆ ಸೆಕ್ಷನ್ ಇದೆ, 29ನೆಯದು. ಪಾಸಾಗಿ ಕೆಲಸ ಹಿಡಿದರೆ ಸಾಕು, ಕಥೆ ಗಿಥೆ ಯಾಕೆ ಅನ್ನುವ ದಯೆ ನನಗಂತೂ ಹಿಡಿಸುವುದಿಲ್ಲ.

ಈಗ ನಾವು ಪುಸ್ತಕ ಅಚ್ಚಾಗುವ ತನಕ ಕಾಯುವುದಿಲ್ಲ. ಪುಟ ಜೋಡಿಸುವ ಡಿಟಿಪಿಯವರ ಹತ್ತಿರವೇ ಹೋಗಿ, ಮೊದಲಿಂದಲೇ ಯುನಿಕೋಡ್‌ನಲ್ಲಿ ಮಾಡಿ ಅಂತ ಕೇಳುತ್ತೇವೆ. ನಿಮ್ಮ ಪುಸ್ತಕವೂ ಅಲ್ಲಿದ್ದರೆ ಫೈಲ್ ತರಿಸಿಕೊಂಡು ಟಾಕ್‌ಬ್ಯಾಕ್‌ನಲ್ಲಿ ಒಂದು ಪುಟ ಕೇಳಿ. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆಫ್ ಮಾಡಲು ಗೊತ್ತಾಗದೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಎರಡೂ ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಆಫ್ ಆಗುತ್ತದೆ.