ಇದು ಮೊನ್ನೆದಲ್ಲ ಸರ್

"ಇದು ಮೊನ್ನೆದಲ್ಲ ಸರ್."

ಬುಧವಾರ ಸಂಜೆಯಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹೇಳಿದವರು ಪೇಂಟ್ ಶೆಡ್ಡಿನ ಮೇಸ್ತ್ರಿ. ನನ್ನ ಕಾರಿನ ಬಾನೆಟ್ ಮೇಲೆ ಬಗ್ಗಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು, ಒಂದು ಚುಕ್ಕಿಯನ್ನು ನೋಡುತ್ತಾ ತಲೆ ಎತ್ತದೆ ಹೇಳಿದರು. ಚುಕ್ಕಿ ಅಂದರೆ ಎಷ್ಟು? ಎಳ್ಳಿನ ಕಾಳಿನಷ್ಟು. ಅಷ್ಟಕ್ಕೇ ಸೋಮವಾರ ಬೆಳಿಗ್ಗೆ ನನ್ನ ತಮ್ಮನಿಗೆ ಫೋನ್ ಮಾಡಿ ಹತ್ತು ನಿಮಿಷ ಬೈದಿದ್ದೆ.

ಎರಡು ದಿನಕ್ಕೆ ಅಂತ ಕಾರು ತೆಗೆದುಕೊಂಡು ಹೋಗಿದ್ದ. ಭಾನುವಾರ ರಾತ್ರಿ ತಂದು ನಿಲ್ಲಿಸಿ, ಕೀ ಕೊಟ್ಟು ಹೋದ. ಬೆಳಿಗ್ಗೆ ಬಿಸಿಲು ಬಾನೆಟ್ಟಿನ ಮುಂದಿನ ಅಂಚಿಗೆ ಬಿದ್ದಿತ್ತು. ಕಡು ನೀಲಿ ಬಣ್ಣದ ನಡುವೆ ಆ ಚುಕ್ಕಿ ಕಣ್ಣಿಗೆ ಚುಚ್ಚಿತು. ಇನ್ನೊಂದು ಸಲ ನೋಡುವ ತಾಳ್ಮೆ ನನಗಿರಲಿಲ್ಲ. "ಜಲ್ಲಿ ಲಾರಿ ಹಿಂದೆ ಅಂಟಿಕೊಂಡು ಹೋಗಿದ್ದೀಯ ಅಲ್ವಾ?" ಅಂದೆ. "ಇಲ್ಲಣ್ಣ, ಹಾಗೇನೂ ಆಗಿಲ್ಲ" ಅಂದ. ನಾನು ಬಿಡಲಿಲ್ಲ. ಕೊನೆಗೆ ಅವನೇ, "ಸರಿ ಬಿಡಣ್ಣ, ನಾನೇ ಸರಿ ಮಾಡಿಸಿ ಕೊಡ್ತೀನಿ" ಅಂದು ಫೋನ್ ಇಟ್ಟ. ಹೆಂಡತಿ ಪಕ್ಕದಲ್ಲೇ ಇದ್ದಳು. "ಮೊದಲು ಸರಿಯಾಗಿ ನೋಡಬಾರದಿತ್ತಾ?" ಅಂದಳು. ಅವಳ ಮಾತಿಗೆ ಕಿವಿಗೊಟ್ಟಿದ್ದರೆ ಈ ವಾರ ಬೇರೆಯೇ ಆಗಿರುತ್ತಿತ್ತು.

ಮೇಸ್ತ್ರಿಗೆ ನಾನು ಹೇಳಿದ್ದು, "ಮೊನ್ನೆ ಭಾನುವಾರ ಕಲ್ಲು ಹೊಡೆದಿದೆ, ಒಂದು ಟಚ್ ಅಪ್ ಮಾಡಿಕೊಡಿ" ಅಂತ. ಅದಕ್ಕೇ ಅವರು ಆ ಮಾತು ಹೇಳಿದ್ದು. ಆಮೇಲೆ ನನ್ನ ಕೈಗೆ ಒಂದು ಭೂತಗನ್ನಡಿ ಕೊಟ್ಟು, "ನೀವೇ ನೋಡಿ" ಅಂದರು.

ನೋಡಿದೆ. ಬರಿಗಣ್ಣಿಗೆ ಚುಕ್ಕಿಯಾಗಿದ್ದದ್ದು ಅಲ್ಲಿ ಒಂದು ಹಳ್ಳವಾಗಿತ್ತು. ಅಂಚಿನ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಪದರಗಳು. ಮೇಲೆ ಗಾಜಿನಂಥ ಕ್ಲಿಯರ್ ಕೋಟ್, ಅದರ ಕೆಳಗೆ ನೀಲಿ, ಆಮೇಲೆ ಬೂದು ಬಣ್ಣದ ಪ್ರೈಮರ್, ತಳದಲ್ಲಿ ತಗಡು. ಕಾರಿನ ಈ ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೇ. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಒಂದೆರಡು ತಲೆಗೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಮಳೆ, ಬಿಸಿಲು, ಹಕ್ಕಿ ಹಿಕ್ಕೆ ಎಲ್ಲದರಿಂದ ತಗಡನ್ನು ಕಾಯುವುದು ಅಷ್ಟು ತೆಳು ಹೊದಿಕೆ.

"ಹೊಸ ಏಟಾದರೆ ಅಂಚು ಚೂಪಾಗಿರುತ್ತೆ, ಒಳಗೆ ತಗಡು ಮಿಂಚುತ್ತೆ" ಅಂದರು. ಇಲ್ಲಿ ತಗಡು ಕಂದು ಬಣ್ಣಕ್ಕೆ ತಿರುಗಿತ್ತು. ತೇವ ಸಿಕ್ಕರೆ ತಗಡಿನ ಮೇಲೆ ಒಂದೆರಡು ದಿನದಲ್ಲೇ ತೆಳುವಾಗಿ ತುಕ್ಕು ಬರುತ್ತದೆ, ಅದು ನನಗೂ ಗೊತ್ತು. ಆದರೆ ಇಲ್ಲಿ ತುಕ್ಕು ಹಳ್ಳದಲ್ಲಿ ನಿಂತಿರಲಿಲ್ಲ. ಪಕ್ಕದ ಪೇಂಟಿನ ಅಡಿಗೆ ನುಗ್ಗಿತ್ತು. ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗ ಕೇಳುತ್ತದೆ. ಆದ್ದರಿಂದ ಮೇಲಿನ ಪೇಂಟನ್ನು ಎತ್ತುತ್ತದೆ. ಹಳ್ಳದ ಒಂದು ಬದಿಯಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಎದ್ದಿತ್ತು. ಬೆರಳಿಗೆ ಸಿಕ್ಕಿತು. ಮೂರು ದಿನದಲ್ಲಿ ಆಗುವ ಕೆಲಸ ಅಲ್ಲ ಅದು, ತಿಂಗಳುಗಟ್ಟಲೆ ಆಗಿದ್ದು.

ಇಷ್ಟಾದರೂ ನನ್ನ ಮನಸ್ಸು ಒಂದು ಸಬೂಬು ಹುಡುಕುತ್ತಿತ್ತು. ತಮ್ಮ ಮೊದಲೂ ಕಾರು ಒಯ್ದಿದ್ದಾನೆ, ಆಗಲೇ ಆಗಿರಬಹುದು ಅಂತ. ಅಷ್ಟರಲ್ಲಿ ಮೇಸ್ತ್ರಿ ಹಳ್ಳದ ಮೂಲೆ ತೋರಿಸಿದರು. ಅಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು.

"ಪಾಲಿಶ್ ಸರ್. ಯಾರು ಹಚ್ಚೋದು?"

"ನಾನೇ" ಅಂದೆ.

ಎರಡು ಮೂರು ತಿಂಗಳಿಗೊಮ್ಮೆ ಆ ಬಾನೆಟ್ಟಿಗೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ಉಜ್ಜುವವನು ನಾನು. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ನನ್ನ ಕೈಯೇ ಆ ಗಾಯದ ಮೇಲೆ ಎಷ್ಟು ಸಲ ಓಡಾಡಿದೆಯೋ. ಪಾಲಿಶನ್ನು ಅದರೊಳಕ್ಕೆ ತುಂಬಿದವನೂ ನಾನೇ. ಆದರೂ ನೋಡಿರಲಿಲ್ಲ.

ಆ ಮೇಸ್ತ್ರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾನೆಟ್ಟಿಗೆ ಪೂರ್ತಿ ಪೇಂಟ್ ಹೊಡೆಯಬೇಕು ಅಂದಿದ್ದರೆ ನಾನು ಒಪ್ಪಿಬಿಡುತ್ತಿದ್ದೆ. ಅವರು ಹಾಗನ್ನಲಿಲ್ಲ. "ಇಷ್ಟಕ್ಕೆಲ್ಲ ಕಂಪನಿ ಪೇಂಟ್ ಕೆರೆಯೋದು ತಪ್ಪು ಸರ್. ಕಲರ್ ಕೋಡ್ ನೋಡಿ ಟಚ್ ಅಪ್ ಬಾಟಲಿ ತಗೊಳ್ಳಿ, ಮನೆಯಲ್ಲೇ ಮಾಡ್ಕೊಳ್ಳಿ" ಅಂದು, ಹೇಗೆ ಮಾಡಬೇಕು ಅಂತ ಅರ್ಧ ಗಂಟೆ ಹೇಳಿಕೊಟ್ಟರು. ಬಂದ ಕೆಲಸವನ್ನು ವಾಪಸ್ ಕಳಿಸುವ ಇಂಥವರನ್ನು ನಾನು ತುಂಬ ಗೌರವಿಸುತ್ತೇನೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ದಿನ ಕಾಣದ್ದು ಸೋಮವಾರ ಯಾಕೆ ಕಂಡಿತು? ಯೋಚಿಸುತ್ತಾ ಹೋದಂತೆ ಹೊಳೆಯಿತು. ತಮ್ಮ ಕಾರು ತೊಳೆದು ತಂದಿದ್ದ. ಬಾನೆಟ್ಟಿನ ಅಂಚಿನಲ್ಲಿ ಸದಾ ಹುಳುಗಳು ಒಣಗಿ ಅಂಟಿರುತ್ತವೆ. ನಾನು ಸಂಜೆ ಮಬ್ಬಿನಲ್ಲಿ ಒಂದು ಸಲ ಬಟ್ಟೆ ಎಳೆದು ಬಿಡುತ್ತೇನೆ. ಅವನು ನೆನೆಸಿ, ಬಿಡಿಸಿ, ಅಂಚೆಲ್ಲ ಚೊಕ್ಕ ಮಾಡಿದ್ದಾನೆ. ಅವನು ಅಷ್ಟು ಚೆನ್ನಾಗಿ ತೊಳೆದಿದ್ದರಿಂದಲೇ ನನಗೆ ಚುಕ್ಕಿ ಕಂಡಿತು. ಕಂಡ ತಕ್ಷಣ ತೊಳೆದವನ ಮೇಲೆಯೇ ಹರಿಹಾಯ್ದೆ.

ಯಾರಿಗೋ ಕೊಟ್ಟ ವಸ್ತು ವಾಪಸ್ ಬಂದಾಗ ಮಾತ್ರ ನಾವು ಹಾಗೆ ಕಣ್ಣಿಟ್ಟು ನೋಡುತ್ತೇವೆ ಅಲ್ವಾ? ನಮ್ಮ ಕೈಯಲ್ಲೇ ಇದ್ದಾಗ ನೋಡುವುದಿಲ್ಲ. ಕೊಟ್ಟ ಪುಸ್ತಕದ ಮಡಚಿದ ಹಾಳೆ, ಕೊಟ್ಟ ಕೊಡೆಯ ಬಾಗಿದ ಕಡ್ಡಿ. ಅವು ಮೊದಲೇ ಹಾಗಿದ್ದವಾ ಅಂತ ನಮಗೆ ಗೊತ್ತೇ ಇರುವುದಿಲ್ಲ. ಆದರೆ ಕೇಳಿದರೆ ಇರಲಿಲ್ಲ ಅಂತ ಆಣೆ ಮಾಡಿ ಹೇಳುತ್ತೇವೆ.

ರಾತ್ರಿಯೇ ಫೋನ್ ಮಾಡಿದೆ. "ಅದು ನಿಂದಲ್ಲ ಕಣೋ. ಹಳೇದು. ನನ್ನದೇ ತಪ್ಪು" ಅಂದೆ.

"ಸರಿ ಬಿಡಣ್ಣ" ಅಂದ.

ಸೋಮವಾರ ಬೈದಾಗಲೂ "ಸರಿ ಬಿಡಣ್ಣ", ಬುಧವಾರ ತಪ್ಪೊಪ್ಪಿಕೊಂಡಾಗಲೂ "ಸರಿ ಬಿಡಣ್ಣ". ಅದೇ ದನಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಎಷ್ಟು ಸಲ ಕೇಳಿಸಿಕೊಂಡೆನೋ. ವ್ಯತ್ಯಾಸ ಸಿಗಲಿಲ್ಲ. ಬೇಜಾರಾದಾಗಲೂ ಬೇಜಾರು ಹೋದಾಗಲೂ ಒಂದೇ ದನಿಯಲ್ಲಿ ಮಾತಾಡುವುದನ್ನು ಇವನು ಯಾವಾಗ ಕಲಿತ? ಶನಿವಾರ ಬಾರೋ, ಇಬ್ಬರೂ ಕೂತು ಸರಿ ಮಾಡೋಣ ಅಂದೆ. ಬರ್ತೀನಿ ಅಂದ. ಬಂದ.

ಕಾರನ್ನು ನೆರಳಿಗೆ ಹಾಕಿದ್ದೆ. ಬಾನೆಟ್ ಬಿಸಿ ಇದ್ದರೆ ಪೇಂಟ್ ಮೇಲ್ಗಡೆ ಬೇಗ ಕೆನೆಗಟ್ಟುತ್ತದೆ, ಒಳಗಿನ ತಿನ್ನರ್ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಕಲರ್ ಕೋಡ್ ಚಾಲಕನ ಬಾಗಿಲಿನ ಒಳಗೆ, ಕಂಬದ ಮೇಲಿನ ಸ್ಟಿಕ್ಕರಿನಲ್ಲಿ ಸಿಕ್ಕಿತ್ತು. ಕೆಲವು ಕಾರುಗಳಲ್ಲಿ ಎಂಜಿನ್ ಪಕ್ಕದ ಫಲಕದಲ್ಲಿ ಇರುತ್ತದೆ. ಸುಮ್ನೆ ನೀಲಿ ಅಂತ ಕೇಳಿ ತಂದರೆ ಆಗುವುದಿಲ್ಲ. ಒಂದೇ ಕಂಪನಿಯಲ್ಲೇ ಎಷ್ಟೋ ನೀಲಿಗಳಿರುತ್ತವೆ.

ಮೊದಲು ಶಾಂಪೂ ನೀರಿನಲ್ಲಿ ತೊಳೆದೆವು. ಆಮೇಲೆ ಜಿಡ್ಡು ತೆಗೆಯುವ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಪಾಲಿಶಿನ ಜಿಡ್ಡು ಚೂರು ಉಳಿದರೂ ಹೊಸ ಪೇಂಟ್ ಹಿಡಿಯುವುದಿಲ್ಲ. ಮೂಲೆಯಲ್ಲಿ ಕೂತ ಆ ಬಿಳಿ ಪುಡಿಯನ್ನು ಸೂಜಿಯ ತುದಿಯಿಂದ ಬಿಡಿಸಿದೆ. ಹಾಗೆಯೇ ಎದ್ದಿದ್ದ ಗುಳ್ಳೆಯನ್ನೂ ಒಡೆದೆ. ಚಿಕ್ಕ ಚುಕ್ಕಿ ದೊಡ್ಡದಾಯಿತು, ಹೊಟ್ಟೆ ಚುರ್ ಅಂದಿತು. ಆದರೆ ಸಡಿಲ ಪೇಂಟ್ ಬಿಟ್ಟು ಮೇಲೆ ಬಳಿದರೆ ತುಕ್ಕು ಅಡಿಯಲ್ಲಿ ಓಡಾಡುತ್ತಲೇ ಇರುತ್ತದೆ ಅಂತ ಮೇಸ್ತ್ರಿ ಎರಡು ಸಲ ಹೇಳಿದ್ದರು.

ತುಕ್ಕು ಉಜ್ಜುವ ಉಪಾಯ ತಮ್ಮನದು. 1500 ನಂಬರಿನ ವಾಟರ್ ಪೇಪರನ್ನು, ಅಂದರೆ ತುಂಬ ನಯವಾದ ಮರಳುಕಾಗದವನ್ನು, ಚಿಕ್ಕ ಬಿಲ್ಲೆಯಾಗಿ ಕತ್ತರಿಸಿ ಪೆನ್ಸಿಲ್ ಹಿಂಬದಿಗೆ ಅಂಟಿಸಿದ. ಸುತ್ತ ಟೇಪ್ ಹಚ್ಚಿ, ಪೆನ್ಸಿಲನ್ನು ಎರಡು ಬೆರಳಲ್ಲಿ ತಿರುಗಿಸುತ್ತಾ ಕೂತ. ಕಂದು ಬಣ್ಣ ಕರಗುತ್ತಾ ಕರಗುತ್ತಾ ತಳದಲ್ಲಿ ಬೆಳ್ಳಿಯಂಥ ತಗಡು ಇಣುಕಿತು. ಒಂದೆರಡು ಕಪ್ಪು ಗುಂಡಿ ಮಾತ್ರ ಉಳಿದವು. ಅವಕ್ಕೆ ತುಕ್ಕು ತಡೆಯುವ ದ್ರವ ಮುಟ್ಟಿಸಿ, ಅದು ಒಣಗುವವರೆಗೆ ಕಾದೆವು. ಆಮೇಲೆ ಪ್ರೈಮರ್.

ಬಾಟಲಿಯ ಮುಚ್ಚಳದಲ್ಲಿರುವ ಬ್ರಷ್ಷನ್ನು ಇಂಥ ಚುಕ್ಕಿಗೆ ಬಳಸಲೇಬಾರದು. ಅದರ ಒಂದು ಹನಿ ನಾಲ್ಕು ಚುಕ್ಕಿಗಾಗುವಷ್ಟಿರುತ್ತದೆ. ಟೂತ್‌ಪಿಕ್ ಸಾಕು. ತುದಿಗೆ ಬಣ್ಣ ತಾಗಿಸಿ, ಹಳ್ಳದ ನಡುವೆ ಮುಟ್ಟಿಸಿದರೆ ಬಣ್ಣ ತಾನೇ ಅಂಚಿನವರೆಗೆ ಹರಿಯುತ್ತದೆ. ನಮ್ಮದು ಮೆಟಾಲಿಕ್, ಅದರಲ್ಲಿರುವ ಅಲ್ಯೂಮಿನಿಯಂ ಪುಡಿ ತಳಕ್ಕೆ ಇಳಿದಿರುತ್ತದೆ. ಆದ್ದರಿಂದ ಬಾಟಲಿಯನ್ನು ಮೊದಲು ಚೆನ್ನಾಗಿ ಕುಲುಕಬೇಕು. ಮೊದಲ ಸಲ ತುಂಬಿದಂತೆ ಕಂಡದ್ದು ಒಣಗಿದ ಮೇಲೆ ಕುಗ್ಗಿ ಮತ್ತೆ ಹಳ್ಳವಾಯಿತು. ಅದು ಹಾಗೆಯೇ. ತೆಳುವಾಗಿ ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ಹಚ್ಚಬೇಕು. ಒಂದೇ ಸಲ ಗುಡ್ಡೆ ಹಾಕಿದರೆ ಒಳಗೆ ಹಸಿಯೇ ಉಳಿಯುತ್ತದೆ.

ಕಾಯುವ ಹೊತ್ತಿನಲ್ಲಿ ಮಾತು ಬಂತು. ಕಲ್ಲು ಹೊಡೆಯದ ಹಾಗೆ ಏನು ಮಾಡಬಹುದು ಅಂತ. ನನ್ನ ಆಫೀಸಿನ ಗೆಳೆಯರೊಬ್ಬರು ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಕಲ್ಲೂ ತಾಗುವುದಿಲ್ಲ ಅಂತ ಎಲ್ಲರಿಗೂ ಹೇಳುತ್ತಿರುತ್ತಾರೆ. ಒಳ್ಳೆಯವರು, ಆದರೆ ಕೇಳಿದ್ದನ್ನೆಲ್ಲ ನಂಬುತ್ತಾರೆ. ಆ ಪದರ ಕೆಲವೇ ಮೈಕ್ರಾನ್ ದಪ್ಪ. ಹೊಳಪಿಗೆ, ಕೊಳೆ ಅಂಟದಿರಲು ಒಳ್ಳೆಯದು. ಕಲ್ಲಿನ ಏಟು ತಡೆಯುವುದು ಪಿಪಿಎಫ್, ಅಂದರೆ ಪೇಂಟನ್ನು ಕಾಯಲು ಅಂಟಿಸುವ ಪಾರದರ್ಶಕ ಫಿಲ್ಮ್. ಅದು ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಏಟು ಬಿದ್ದಾಗ ಹಿಗ್ಗಿ ತಡೆದುಕೊಳ್ಳುತ್ತದೆ. ಇಡೀ ಕಾರಿಗೆ ಬೇಕಾಗಿಲ್ಲ. ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು, ಚಕ್ರದ ಹಿಂದಿನ ಭಾಗ, ಇಷ್ಟಕ್ಕೆ ಅಂಟಿಸಿದರೂ ಬಹಳ ಉಳಿಯುತ್ತದೆ. ನಮ್ಮ ಚಕ್ರವೇ ಎರಚುವ ಕಲ್ಲಿಗೆ ಮಡ್‌ಫ್ಲ್ಯಾಪ್ ಬೇಕೇ ಬೇಕು.

ಎಲ್ಲಕ್ಕಿಂತ ಮೊದಲು ಮುಂದಿನ ಗಾಡಿಯಿಂದ ದೂರ ಇರಬೇಕು. ಲಾರಿಯಿಂದ ಬೀಳುವ ಜಲ್ಲಿ ಒಂದು ಕಡೆ, ಟಯರುಗಳು ರಸ್ತೆಯಿಂದ ಎಬ್ಬಿಸುವ ಕಲ್ಲು ಇನ್ನೊಂದು ಕಡೆ. ವೇಗ ಏರಿದಂತೆ ಏಟು ಅದರ ವರ್ಗದ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ವೇಗ ಕಾಲು ಭಾಗ ಹೆಚ್ಚಾಗುತ್ತದೆ, ಅದೇ ಕಲ್ಲಿನ ಏಟು ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಇದನ್ನು ಹೇಳುತ್ತಿದ್ದಾಗ ತಮ್ಮ ಸುಮ್ಮನೆ ನನ್ನ ಮುಖ ನೋಡಿದ. ನಮ್ಮಿಬ್ಬರಲ್ಲಿ ಜೋರಾಗಿ ಓಡಿಸುವವನು ನಾನು.

ಮೂರನೇ ಪದರ ಹಚ್ಚಿ ಆದ ಮೇಲೆ ಅವನು ಎದ್ದು ಕಾರಿನ ಇನ್ನೊಂದು ಬದಿಗೆ ಹೋದ. ಎಡಗಡೆ ಹಿಂದಿನ ಬಾಗಿಲು ತೆಗೆದು, ಅಂಚಿನ ಕೆಳಭಾಗಕ್ಕೆ ಬೆರಳಿಟ್ಟು ತೋರಿಸಿದ. ಅಲ್ಲಿ ಉಗುರಿನ ತುದಿಯಷ್ಟು ಪೇಂಟ್ ಹಾರಿತ್ತು.

"ಇದು ಮಾತ್ರ ನಂದಣ್ಣ" ಅಂದ. "ಎರಡು ವರ್ಷದ ಹಿಂದೆ. ಬಾಗಿಲು ತೆಗೆಯುವಾಗ ಗೋಡೆಗೆ ತಾಗಿತ್ತು."

"ಅವತ್ತೇ ಯಾಕೋ ಹೇಳಲಿಲ್ಲ?"

"ಹೇಳಿದ್ದರೆ ನೀನು ಸೋಮವಾರ ಮಾಡಿದ ಹಾಗೆ ಫೋನ್ ಮಾಡ್ತಿದ್ದೆ."

ಸಿಟ್ಟು ಇರಲಿಲ್ಲ ಮಾತಿನಲ್ಲಿ. ಇದ್ದದ್ದನ್ನು ಹೇಳಿದ ಅಷ್ಟೇ. ನನಗೆ ಅದು ಮೇಸ್ತ್ರಿಯ ಮಾತಿಗಿಂತ ಆಳಕ್ಕೆ ಇಳಿಯಿತು. ಅಂದರೆ ನನ್ನ ಸುತ್ತ ಇರುವವರು ಒಡೆದದ್ದನ್ನು ನನಗೆ ತೋರಿಸುವುದಿಲ್ಲ. ಒರೆಸಿ, ತಿರುಗಿಸಿಟ್ಟು, ಸುಮ್ಮನಾಗುತ್ತಾರೆ. ಕಾರನ್ನು ಪ್ರತಿ ಸಲ ತೊಳೆದೇ ತರುತ್ತಿದ್ದನಲ್ಲ, ಅದು ಪ್ರೀತಿಯಿಂದಲಾ, ಹೆದರಿಕೆಯಿಂದಲಾ? ಎರಡೂ ಇರಬಹುದು. ಕೇಳಲು ಬಾಯಿ ಬರಲಿಲ್ಲ. ಮಗಳು ಹೋದ ತಿಂಗಳು ಗಡಿಯಾರ ಒಡೆದದ್ದನ್ನು ಅಮ್ಮನಿಗೆ ಹೇಳಿ, "ಅಪ್ಪನಿಗೆ ನೀನೇ ಹೇಳು" ಅಂದಿದ್ದಳಂತೆ. ಆಗ ನಾನು ಅದನ್ನು ಮಕ್ಕಳ ಆಟ ಅಂದುಕೊಂಡಿದ್ದೆ.

ಬಾಗಿಲಿನ ಚುಕ್ಕಿಗೂ ಅದೇ ಕೆಲಸ ಮಾಡಿದೆವು. ಈ ಸಲ ಟೂತ್‌ಪಿಕ್ ಅವನ ಕೈಯಲ್ಲಿತ್ತು, ಟಾರ್ಚ್ ನನ್ನ ಕೈಯಲ್ಲಿ. ನನಗಿಂತ ತೆಳುವಾಗಿ, ಚೆನ್ನಾಗಿ ಹಚ್ಚಿದ. ಬಾನೆಟ್ಟಿನದು ಅಂಚಿಗೆ ಸ್ವಲ್ಪ ಉಬ್ಬಿದೆ. ಇವತ್ತು ಕ್ಲಿಯರ್ ಕೋಟ್ ಮುಟ್ಟಿಸಿದ್ದೇನೆ. ಅದು ಗಟ್ಟಿಯಾಗಲು ಒಂದು ವಾರ ಬಿಟ್ಟು, 2500ರ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಿ, ಹೊಳಪು ಬರಿಸುವ ಕಾಂಪೌಂಡ್ ಪೇಸ್ಟ್ ಹಾಕಿ ತಿಕ್ಕಬೇಕು. ಹೊಸದರ ಹಾಗೆ ಆಗುವುದಿಲ್ಲ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಮೆಟಾಲಿಕ್ ಪುಡಿ ಕೂರುವ ರೀತಿ ಬೇರೆ, ಕಡ್ಡಿಯಲ್ಲಿ ಮುಟ್ಟಿಸಿದಾಗ ಕೂರುವ ರೀತಿ ಬೇರೆ. ಓರೆಯಾಗಿ ನೋಡಿದರೆ ಆ ಜಾಗ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಕಾಣಲಿ.

ಶನಿವಾರ ಸಂಜೆ ಹಸಿ ಪೇಂಟ್ ಎಲ್ಲಿಗೂ ತಾಗಬಾರದು ಅಂತ ಆ ಬಾಗಿಲನ್ನು ತೆಗೆದೇ ಇಟ್ಟಿದ್ದೆವು. ಒಣಗುವವರೆಗೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತೆವು. ಕತ್ತಲಾಯಿತು. ಗಡಿಯಾರದ ಕಥೆ ಅವನಿಗೆ ಹೇಳಿದೆ. "ನಂಗೊತ್ತು" ಅಂದ. ಮಗಳು ಅಮ್ಮನಿಗೂ ಮೊದಲು ಅವನಿಗೆ ಫೋನ್ ಮಾಡಿದ್ದಳಂತೆ.