ಟೂರ್ನಿಕೆಟ್ ಕೆಲಸ: ಪ್ರಿಂಟರ್ ಪಾಲು ಮುಗಿಯಿತು, ಈಗ ಹೊಲಿಗೆ ಮಶೀನಿನ ಸರದಿ

ಟೂರ್ನಿಕೆಟ್ ಅಂದರೆ ಗಾಯದ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ; ಅದನ್ನು ಬಿಗಿಯಲು ತಿರುಗಿಸುವ ಕಡ್ಡಿಯನ್ನು ನಾವು ಪ್ರಿಂಟರಿನಲ್ಲಿ ಮುದ್ರಿಸುತ್ತೇವೆ. ಹೋದ ಸಲ ಬರೆದಾಗ ಆ ಕಡ್ಡಿ ಮುರಿಯುತ್ತಿತ್ತು. ಈಗ ಕಡ್ಡಿ ಗಟ್ಟಿಯಾಗಿದೆ, ಪಟ್ಟಿಯ ಹೊಲಿಗೆ ಬಿಡುತ್ತಿದೆ. ಇದನ್ನೂ ನಾನು ಮುಂದೆ ಹೋದ ಲೆಕ್ಕಕ್ಕೇ ಸೇರಿಸುತ್ತೇನೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಗಾಜಾದಲ್ಲಿ ಸ್ಟೆತಸ್ಕೋಪಿಗೂ ಬರ. ಡಾಕ್ಟರುಗಳು ರೋಗಿಯ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದದ್ದನ್ನು ನೋಡಿ, ಕೆನಡಾದ ವೈದ್ಯ ತಾರೆಕ್ ಲುಬಾನಿ 'ಗ್ಲಿಯಾ' ಎಂಬ ಕೆಲಸ ಶುರು ಮಾಡಿದರು. 3ಡಿ ಪ್ರಿಂಟರಿನಲ್ಲಿ, ಅಂದರೆ ಪ್ಲಾಸ್ಟಿಕ್ ಕರಗಿಸಿ ಪದರದ ಮೇಲೆ ಪದರ ಹಾಕಿ ವಸ್ತು ಮಾಡುವ ಯಂತ್ರದಲ್ಲಿ, ಮುದ್ರಿಸುವ ಸ್ಟೆತಸ್ಕೋಪ್. ಖರ್ಚು 5 ಡಾಲರಿನ ಒಳಗೆ. ಶಬ್ದದಲ್ಲಿ ಅದು ಲಿಟ್‌ಮನ್ ಕಾರ್ಡಿಯಾಲಜಿ 3 ಎಂಬ ಹೆಸರಾಂತ ಸ್ಟೆತಸ್ಕೋಪಿಗೆ ಸಾಟಿ ಅಂತ ಪರೀಕ್ಷೆ ಮಾಡಿ, 2018ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ತೆಳು ಪರದೆಗೆ ಬಳಸಿದ್ದು ಪ್ಲಾಸ್ಟಿಕ್ ಫೈಲ್ ಕವರ್. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವಂಥದ್ದೇ. ಆಮೇಲೆ ಟೂರ್ನಿಕೆಟ್ ಬಂತು. ಕೈಕಾಲಿಗೆ ಗುಂಡು ಬಿದ್ದಾಗ ರಕ್ತ ನಿಲ್ಲಿಸುವ ಪಟ್ಟಿ. 2018ರ ಮೇ 14ರಂದು ಗಾಜಾ-ಇಸ್ರೇಲ್ ಗಡಿ ಬೇಲಿಯ ಹತ್ತಿರ ಗಾಯಾಳುಗಳನ್ನು ನೋಡಲು ಹೋಗಿದ್ದ ಲುಬಾನಿಯವರ ಕಾಲಿಗೇ ಗುಂಡು ಬಿತ್ತು. ವಿನ್ಯಾಸದ ಫೈಲುಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಅದನ್ನೇ ಇಟ್ಟುಕೊಂಡು ಬಳ್ಳಾರಿಯಲ್ಲಿ ನಾವು ಕೂತಿದ್ದೇವೆ. ಗಾಜಾಕ್ಕೆ ಪಾರ್ಸೆಲ್ ಕಳಿಸುವ ಭ್ರಮೆ ನಮಗಿಲ್ಲ. ಬಿಸಿಲು, ಧೂಳು, ಕರೆಂಟಿಲ್ಲದ ಊರಿನಲ್ಲಿ ಇದು ಹೇಗೆ ಬಾಳುತ್ತದೆ ಅಂತ ಪರೀಕ್ಷಿಸಿ ಬರೆದಿಡುವುದು, ಇಲ್ಲಿ ಪ್ರಥಮ ಚಿಕಿತ್ಸೆ ಕಲಿಯುವವರಿಗೆ ತರಬೇತಿಗೆ ಕೊಡುವುದು, ಅಷ್ಟೇ.

ಮೊದಲು ಪ್ಲಾಸ್ಟಿಕ್ ವಿಷಯ. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಎಂಬುದು ಮುದ್ರಿಸಲು ಸುಲಭ, ಆದರೆ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನಮ್ಮ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ. ಆಂಬುಲೆನ್ಸಿನಲ್ಲಿ ಇಡುವ ವಸ್ತುವಿಗೆ ಅದು ಬೇಡವೇ ಬೇಡ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸುಮಾರು 80ರವರೆಗೆ ತಡೆಯುತ್ತದೆ, ಎಬಿಎಸ್ ಎಂಬುದು 100 ದಾಟುತ್ತದೆ. ಎಬಿಎಸ್‌ಗೆ ಒಂದು ಕಾಯಿಲೆ ಇದೆ: ಮುದ್ರಿಸುವಾಗ ತಣ್ಣನೆ ಗಾಳಿ ಬಡಿದರೆ ವಸ್ತುವಿನ ಮೂಲೆ ಸೊಟ್ಟಗಾಗಿ ಮೇಲೇಳುತ್ತದೆ. ಚಳಿ ಊರಿನವರು ಅದಕ್ಕೆ ಪ್ರಿಂಟರ್ ಸುತ್ತ ಬಿಸಿ ಗೂಡು ಕಟ್ಟುತ್ತಾರೆ. ನಮಗೆ ಆ ಖರ್ಚಿಲ್ಲ! ಫ್ಯಾನ್ ಆರಿಸಿದರೆ ರೂಮೇ ಗೂಡು. ಹೊಗೆ ಬರುತ್ತದೆ, ಹಾಗಾಗಿ ಮುದ್ರಣ ಶುರುವಾದ ಮೇಲೆ ಒಳಗೆ ಕೂರುವ ಹಾಗಿಲ್ಲ. ಆ ಸೆಕೆಯಲ್ಲಿ ಯಾರು ಕೂರುತ್ತಾರೆ ಬಿಡಿ.

ಕಡ್ಡಿಯನ್ನು ಮಲಗಿಸಿ ಮುದ್ರಿಸಿದ್ದರಿಂದ ಉಳಿಯಿತು. ನಿಲ್ಲಿಸಿ ಮುದ್ರಿಸಿದರೆ ಪದರಗಳು ಅಡ್ಡಡ್ಡ ಬರುತ್ತವೆ, ತಿರುಚಿದ ಕೂಡಲೇ ಪದರದ ಗೆರೆಯಲ್ಲೇ ಲಟಕ್ ಅನ್ನುತ್ತದೆ. ಒಳಗೆ ಟೊಳ್ಳು ಬಿಡದೆ ಪೂರ್ತಿ ತುಂಬಿಸಬೇಕು. ಅಷ್ಟು ಮಾಡಿದ ಮೇಲೆ ಆ ಗೋಳು ಮುಗಿಯಿತು.

ಈಗ ಹೊಲಿಗೆ. ಟೂರ್ನಿಕೆಟ್ ಅಂದರೆ ಎಲ್ಲರೂ ಪ್ರಿಂಟರನ್ನೇ ನೋಡುತ್ತಾರೆ. ಆದರೆ ಜೀವ ಇರುವುದು ಪಟ್ಟಿಯಲ್ಲಿ. ಅಗಲ 38 ಮಿಲಿಮೀಟರ್ ಇರಬೇಕು. ಹಗ್ಗದಂಥ ಸಣ್ಣ ಪಟ್ಟಿ ಚರ್ಮ, ನರ ಹಾಳು ಮಾಡುತ್ತದೆ. ಅಗಲ ಹೆಚ್ಚಿದಷ್ಟೂ ಕಡಿಮೆ ಒತ್ತಡದಲ್ಲೇ ರಕ್ತ ನಿಲ್ಲುತ್ತದೆ. ಮನೆಯ ಮಶೀನಿನ ಹೊಲಿಗೆ ಈ ಎಳೆತಕ್ಕೆ ಒಂದೊಂದೇ ಟಾಕು ಬಿಡುತ್ತಾ ಬಂತು.

ಬಳ್ಳಾರಿಯಲ್ಲಿದ್ದುಕೊಂಡು ಹೊಲಿಗೆಗೆ ಯೋಚನೆ ಮಾಡುವುದಾ? ಜೀನ್ಸ್ ಊರು ಇದು. ಕೌಲ್ ಬಜಾರ್ ಕಡೆಯ ಒಂದು ಸಣ್ಣ ಘಟಕಕ್ಕೆ ಪಟ್ಟಿ ಹಿಡಿದು ಹೋದೆ. ಜೀನ್ಸಿನಲ್ಲಿ ಬೆಲ್ಟ್ ಹಾಕುವ ಲೂಪ್ ಇರುತ್ತದಲ್ಲ, ಅದರ ಎರಡೂ ತುದಿಗೆ ದಟ್ಟವಾಗಿ ಒತ್ತೊತ್ತಾಗಿ ಬೀಳುವ ಹೊಲಿಗೆಯೇ ಬಾರ್‌ಟ್ಯಾಕ್. ಅದಕ್ಕೇ ಬೇರೆ ಮಶೀನಿದೆ, ಪೆಡಲ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಲ್ಲಿನ ಟೇಲರ್ ಅಕ್ಕ ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ ಮೊದಲು ಕೇಳಿದ್ದು, 'ಇದು ಯಾವ ಕಡೆಗೆ ಎಳೆಯುತ್ತೆ?' ಇಂಜಿನಿಯರ್ ಗೆಳೆಯರು ಯಾರೂ ಕೇಳದ ಪ್ರಶ್ನೆ. ಆಮೇಲೆ ಅವರೇ ಹೇಳಿದರು: ಸಾಲುಗಳನ್ನು ಒಂದಕ್ಕೊಂದು ಅಂಟಿಸಬೇಡಿ, ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಸೂಜಿಯ ತೂತುಗಳೇ ಪಟ್ಟಿಯನ್ನು ಕತ್ತರಿಸುತ್ತವೆ. ಹತ್ತಿ ದಾರ ಬೇಡ, ನೆನೆದರೆ ಕೊಳೆಯುತ್ತದೆ, ಪಾಲಿಯೆಸ್ಟರ್ ಹಾಕಿ. ಸೂಜಿಯೂ ದಪ್ಪದ್ದು. ದುಡ್ಡು ತೆಗೆದುಕೊಳ್ಳಲಿಲ್ಲ, ಟೀ ಕುಡಿಸಿ ಕಳಿಸಿದರು.

ಪರೀಕ್ಷೆ ಹೀಗೆ. ಪಿವಿಸಿ ಪೈಪಿಗೆ ಯೋಗ ಮ್ಯಾಟ್ ಸುತ್ತಿ, ಅದರ ಮೇಲೆ ಹಳೆಯ ಬಿಪಿ ಪಟ್ಟಿ, ಅದರ ಮೇಲೆ ಟೂರ್ನಿಕೆಟ್. ಕಡ್ಡಿ ತಿರುಗಿಸಿದಂತೆ ಬಿಪಿ ಮುಳ್ಳು ಏರುತ್ತದೆ. ಮುಳ್ಳು 300ರ ತನಕ ಮಾತ್ರ ಹೋಗುತ್ತದೆ, ಅದೇನೂ ಕಾಲಿನ ನಿಜವಾದ ಒತ್ತಡ ಹೇಳುವುದಿಲ್ಲ. ಹಳೆಯ ಹೊಲಿಗೆಗೂ ಹೊಸದಕ್ಕೂ ಹೋಲಿಸಲು ಸಾಕು. ಬಾರ್‌ಟ್ಯಾಕ್ ಪಟ್ಟಿ 300ಕ್ಕೆ ಮುಟ್ಟಿಸಿ ರಾತ್ರಿಯಿಡೀ ಬಿಟ್ಟರೂ ಹೊಲಿಗೆ ಕದಲಲಿಲ್ಲ. ನೈಲಾನ್ ಪಟ್ಟಿ ಮಾತ್ರ ಸ್ವಲ್ಪ ಹಿಗ್ಗಿ ಮುಳ್ಳು ಇಳಿದಿತ್ತು. ಹಾಗಾಗಿ ಮುಂದಿನದು ಪಾಲಿಯೆಸ್ಟರ್ ಪಟ್ಟಿಯಲ್ಲಿ.

ಇದನ್ನು ನೋಡಿದ ಪ್ರತಿಯೊಬ್ಬರೂ ಕೇಳುವ ಒಂದು ಪ್ರಶ್ನೆ ಇದೆ: 'ಹಾವು ಕಚ್ಚಿದರೆ ಕಟ್ಟಬಹುದಲ್ವಾ?' ಇಲ್ಲ, ಕಟ್ಟಬಾರದು. ಸಿರುಗುಪ್ಪ ಕಡೆಯ ಭತ್ತದ ಗದ್ದೆಯವರು ಇದನ್ನು ಗಮನವಿಟ್ಟು ಓದಿ. ಬಿಗಿಯಾಗಿ ಕಟ್ಟಿದರೆ ಕೊಳಕುಮಂಡಲದ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಸುತ್ತದೆ, ರಕ್ತ ಓಡದೆ ಕಾಲೇ ಹೋಗಬಹುದು. ಕಚ್ಚಿದ ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಓಡಿ, ಪ್ರತಿವಿಷದ ಇಂಜೆಕ್ಷನ್ನೇ ಮದ್ದು. ಟೂರ್ನಿಕೆಟ್ ಇರುವುದು ಚಿಮ್ಮುವ ರಕ್ತಕ್ಕೆ ಮಾತ್ರ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಅಲ್ಲ. ಕಟ್ಟಿದ ಸಮಯ ಬರೆಯಬೇಕು. ನೋವು ಅಂತ ದಾರಿಯಲ್ಲಿ ಸಡಿಲಿಸಬಾರದು. ಇದಿಷ್ಟನ್ನೂ ಕನ್ನಡದಲ್ಲಿ ಬಟ್ಟೆಯ ಲೇಬಲ್ ಮೇಲೆ ಅಚ್ಚು ಹಾಕಿಸಿ ಪಟ್ಟಿಗೇ ಹೊಲಿಸುತ್ತಿದ್ದೇವೆ. ಲೇಬಲ್ ಹೊಲಿಯುವವರಿಗೂ ಈ ಊರಿನಲ್ಲಿ ಬರವಿಲ್ಲ.

ಕೆಲವರು ಬೆಲೆ ಕೇಳಿದ್ದಾರೆ. ಮಾರುವುದಿಲ್ಲ. 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಮಾರಲು ಪರವಾನಗಿ ಬೇಕು, ಅದು ಸರಿಯಾದ ನಿಯಮವೇ. ಅರ್ಧ ಪರೀಕ್ಷೆಯಾದ ಪಟ್ಟಿ ಯಾರದೋ ತೊಡೆಯ ಮೇಲೆ ಬಿಟ್ಟುಹೋಗುವುದು ನನಗೆ ಬೇಡ. ನಮ್ಮದರ ಮೇಲೆ 'ತರಬೇತಿಗೆ ಮಾತ್ರ' ಅಂತ ಕೆಂಪು ದಾರದಲ್ಲಿ ಹೊಲಿದಿದೆ.

ಮುಂದಿನ ತೊಂದರೆ ಆಗಲೇ ಕಾಣುತ್ತಿದೆ, ವೆಲ್ಕ್ರೋ. ಸಂಡೂರು ರಸ್ತೆಯ ಅದಿರಿನ ಕೆಂಧೂಳು ಅದರೊಳಗೆ ಕೂತರೆ ಹಿಡಿತ ಕಡಿಮೆ ಆಗುತ್ತದೆ. ಧೂಳು ತುಂಬಿ, ಒದ್ದೆ ಮಾಡಿ, ಒಣಗಿಸಿ ಮತ್ತೆ ಎಳೆದು ನೋಡಬೇಕು. ಅಷ್ಟರಲ್ಲಿ 38 ಮಿಲಿಮೀಟರಿನ ಗಟ್ಟಿ ಪಾಲಿಯೆಸ್ಟರ್ ಪಟ್ಟಿ ಹೊಸಪೇಟೆಯಲ್ಲೋ ಕೊಪ್ಪಳದಲ್ಲೋ ಬಿಡಿಯಾಗಿ ಸಿಗುವ ಅಂಗಡಿ ಗೊತ್ತಿದ್ದರೆ ಹೇಳಿ. ಬ್ಯಾಗಿಗೆ ಹಾಕುವ ತೆಳ್ಳನೆಯದು ಬೇಡ, ಅದು ನಮ್ಮಲ್ಲಿ ರಾಶಿ ಇದೆ.